ಸಂಜೆ 4 ಗಂಟೆಯ ಅಳು: ಒಂದು ಪ್ರಕರಣ ಅಧ್ಯಯನ

ಮೊದಲು ನನ್ನ ನೋಟ್‌ಬುಕ್ಕಿನ ಒಂದು ಟಿಪ್ಪಣಿ, ಬರೆದ ಹಾಗೇ ಕೊಡುತ್ತೇನೆ.

"ಮಂಗಳವಾರ, 4:20. ಅಮ್ಮನ ವಿಡಿಯೋ ಕಾಲ್ ಮುಗಿದ 5 ನಿಮಿಷಕ್ಕೆ ರಚ್ಚೆ ಶುರು. ಪರದೆ ಹಿಂದೆ ಹೋಗಿ ನಿಂತ. ಹತ್ತಿರ ಹೋದರೆ 'ಹೋಗು' ಅಂದ. 25 ನಿಮಿಷ ಅತ್ತ. ಕಾರಣ: ಅಮ್ಮನನ್ನು ಬಿಟ್ಟಿರುವ ಆತಂಕ."

ಇದರಲ್ಲಿ ಕೊನೆಯ ಮೂರು ಪದ ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿದೆ. ಆ ಮೂರು ಪದಗಳಿಂದಾಗಿ ಒಂದು ಮಗು ಎರಡು ವಾರ ಸುಮ್ಮನೆ ನೋವು ತಿಂದಿತು.

ಹುಡುಗನಿಗೆ ಆಗ 2 ವರ್ಷ 10 ತಿಂಗಳು. ಇಲ್ಲಿ ಚಿನ್ನು ಅಂತ ಕರೆಯುತ್ತೇನೆ, ಹೆಸರು ಬೇರೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಹತ್ತುವ ಒಂದೆರಡು ವಿವರ ಬದಲಿಸಿದ್ದೇನೆ. ಮನೆ ದಕ್ಷಿಣ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ 6ನೇ ಮಹಡಿಯಲ್ಲಿ. ಅಪ್ಪ ಅಮ್ಮ ಇಬ್ಬರಿಗೂ ಐಟಿ ಕೆಲಸ. ಜೊತೆಗೆ ಅಪ್ಪನ ಅಮ್ಮ, ಅಂದರೆ ಅಜ್ಜಿ. ಮಂಡಿನೋವು ಇರುವುದರಿಂದ ಮಗುವಿನ ಹಿಂದೆ ಓಡಾಡಲು ಅವರಿಗೆ ಆಗುವುದಿಲ್ಲ. ಮೊದಲಿದ್ದ ಆಯಾ ಯುಗಾದಿಗೆ ಊರಿಗೆ ಹೋದವರು ವಾಪಸ್ ಬರಲಿಲ್ಲ. ಏಪ್ರಿಲ್ ಮಧ್ಯದಲ್ಲಿ ನಾನು ಸೇರಿದೆ. ಬೆಳಿಗ್ಗೆ 9ರಿಂದ ಸಂಜೆ 6:30.

ನಾನು ಓದಿದ್ದು ಎಂಎಸ್ಸಿ ಸೈಕಾಲಜಿ. ಎಂಫಿಲ್ ಪ್ರವೇಶ ಪರೀಕ್ಷೆಗೆ ಓದುತ್ತಾ ಪಿಜಿ ಬಾಡಿಗೆ ಕಟ್ಟಲು ಈ ಕೆಲಸ ಹಿಡಿದೆ. ತಿಪಟೂರಿನಲ್ಲಿ ನಮ್ಮಮ್ಮ ಇದನ್ನು ಯಾರಿಗೂ ಹೇಳಿಲ್ಲ. "ಮಗಳು ಮಕ್ಕಳ ಜೊತೆ ಕೆಲಸ ಮಾಡ್ತಾಳೆ" ಅಂತ ಮಾತ್ರ ಹೇಳಿಕೊಂಡಿದ್ದಾರೆ. ಅದೇನೂ ಸುಳ್ಳಲ್ಲ. ಚಿನ್ನು ಮನೆಯ ಅಜ್ಜಿ ಮಾತ್ರ ಮೊದಲ ದಿನವೇ ನೇರವಾಗಿ ಕೇಳಿದರು: "ಇಷ್ಟೆಲ್ಲ ಓದಿ ಕೊನೆಗೆ ಮಗು ಆಡ್ಸಕ್ಕೆ ಬಂದ್ಯೇನಮ್ಮ?"

ಚಿನ್ನು ಅಮ್ಮನ ಲೆಕ್ಕ ಬೇರೆಯೇ ಇತ್ತು. ಅವರನ್ನು ಮೇಡಂ ಅಂದೆ, ಅಕ್ಕ ಅನ್ನಿ ಅಂದರು. ಮನೆಗೆ ಬಂದವರಿಗೆಲ್ಲ ನನ್ನನ್ನು "ಇವರು ಸೈಕಾಲಜಿಸ್ಟ್" ಅಂತ ಪರಿಚಯಿಸುತ್ತಿದ್ದರು. ಒಂದು ದಿನ "ಇವನ ಐಕ್ಯೂ ನೋಡಿಬಿಡ್ತೀರಾ?" ಅಂತಲೂ ಕೇಳಿದರು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು, ನನ್ನ ಎಂಎಸ್ಸಿ ಅದಕ್ಕೆ ಸಾಲದು, ನಾನಿಲ್ಲಿ ಮಗು ನೋಡಿಕೊಳ್ಳುವವಳು ಅಷ್ಟೇ ಅಂತ ಹೇಳಿದೆ. ಬಾಯಲ್ಲಿ ಹಾಗೆ ಹೇಳಿದೆ, ನಿಜ. ಒಳಗೆ ಮಾತ್ರ ಆ ಪದ ಕೇಳಿ ಖುಷಿಯಾಗುತ್ತಿತ್ತು. ಮುಂದೆ ಆದದ್ದರಲ್ಲಿ ಆ ಖುಷಿಗೂ ಒಂದು ಪಾಲಿದೆ.

ಮೊದಲ ವಾರ ಚೆನ್ನಾಗೇ ನಡೆಯಿತು. ಚಿನ್ನು ಒಳ್ಳೇ ಮಾತುಗಾರ. ಜೆಸಿಬಿ ಕಂಡರೆ ಪ್ರಾಣ. ಬೆಳಿಗ್ಗೆ 9:15ಕ್ಕೆ ಅಮ್ಮ ಹೊರಟಾಗ ಬಾಗಿಲಲ್ಲಿ ನಿಂತು ಟಾಟಾ ಮಾಡಿ, ಬಾಲ್ಕನಿಗೆ ಓಡಿ ಕಾರು ಗೇಟು ದಾಟುವುದನ್ನು ನೋಡಿ, ಆಟಕ್ಕೆ ಬರುತ್ತಿದ್ದ. ಇದನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಎರಡನೇ ವಾರ ಸಂಜೆಯ ಅಳು ಶುರುವಾಯಿತು. 1 ಗಂಟೆಗೆ ಊಟ, 2ರಿಂದ 3:30 ನಿದ್ದೆ, ಎದ್ದ ಮೇಲೆ ಒಂದು ಲೋಟ ಹಾಲು, ಬಿಸ್ಕತ್ತು. 4 ಗಂಟೆಗೆ ಅಮ್ಮ ಟೀ ಬ್ರೇಕಿನಲ್ಲಿ ವಿಡಿಯೋ ಕಾಲ್ ಮಾಡುತ್ತಿದ್ದರು. ಹತ್ತು ಹದಿನೈದು ನಿಮಿಷ ಮಾತು. ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ ಹುಡುಗ ರಚ್ಚೆ ಹಿಡಿಯುತ್ತಿದ್ದ. ಆಟದ ಸಾಮಾನು ಎಸೆಯುವುದು, ಪರದೆ ಹಿಂದೆ ಅಥವಾ ಸೋಫಾ ಮೂಲೆಗೆ ಹೋಗಿ ನಿಲ್ಲುವುದು, ಹತ್ತಿರ ಹೋದರೆ ತಳ್ಳುವುದು. ಜೊತೆಗೆ ರಾತ್ರಿ ಊಟ ಬೇಡ ಅನ್ನುವುದು ಶುರುವಾಯಿತು. ಚಡ್ಡಿಯಲ್ಲಿ ಆಗಾಗ ಸ್ವಲ್ಪ ಕಕ್ಕದ ಕಲೆಯೂ ಕಾಣುತ್ತಿತ್ತು.

ನನ್ನ ತಲೆಯಲ್ಲಿ ಇದೆಲ್ಲಕ್ಕೂ ಖಾನೆ ಸಿದ್ಧವಾಗಿತ್ತು. ಆಯಾ ಹಠಾತ್ತನೆ ಬಿಟ್ಟು ಹೋಗಿದ್ದಾರೆ, ಅಂದರೆ ಬಾಂಧವ್ಯ ಕಡಿದಿದೆ. ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದು ಇದನ್ನೇ ಅಲ್ವಾ? ನನ್ನನ್ನು ತಳ್ಳುತ್ತಾನೆ, ಅಂದರೆ ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಹೇಳಿದ ದೂರ ಸರಿಯುವ ಮಗು. ಚಡ್ಡಿ ಕಲೆಯಾಗುತ್ತಿದೆ, ಅಂದರೆ ಹಳೇ ವಯಸ್ಸಿಗೆ ಜಾರುತ್ತಿದ್ದಾನೆ. ಐನ್ಸ್‌ವರ್ತ್ ಮಕ್ಕಳನ್ನು ಹೀಗೆ ವಿಂಗಡಿಸಿದ ಪ್ರಯೋಗ ರೂಪಿಸಿದ್ದು ಬಾಲ್ಟಿಮೋರಿನಲ್ಲಿ, ಸುಮಾರು ಒಂದು ವರ್ಷದ ಕೂಸುಗಳಿಗೆ, ಕೂಸು ಅಮ್ಮನನ್ನು ಬಿಟ್ಟು ಮತ್ತೆ ಸೇರುವ ಗಳಿಗೆಯನ್ನು ನೋಡಲು. ನಾನು ಅದನ್ನು ಮೂರು ವರ್ಷಕ್ಕೆ ಹತ್ತಿರವಿದ್ದ ಹುಡುಗನಿಗೆ, ಡ್ರಾಯಿಂಗ್ ರೂಮಿನಲ್ಲಿ, ಕಣ್ಣಳತೆಯಲ್ಲಿ ಹಚ್ಚಿಬಿಟ್ಟೆ. ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ನಾನೇ ಕೆಂಪು ಗೆರೆ ಎಳೆಯುತ್ತಿದ್ದೆ.

ಆಮೇಲೆ ಎರಡು ಕೆಲಸ ಮಾಡಿದೆ. ಎರಡೂ ಓದಿ ಕಲಿತದ್ದೇ.

ಒಂದು, ಗಮನ ಕೊಡದೇ ಇರುವುದು. ಮಗು ಗಮನ ಸೆಳೆಯಲು ಅಳುತ್ತಿದ್ದರೆ, ಅಳುವಾಗ ಗಮನ ಕೊಡದೆ, ಸುಮ್ಮನಾದಾಗ ಕೊಟ್ಟರೆ ಅಳು ಕ್ರಮೇಣ ಕಡಿಮೆಯಾಗುತ್ತದೆ. ಕಡಿಮೆಯಾಗುವ ಮೊದಲು ಕೆಲವು ದಿನ ಜಾಸ್ತಿಯಾಗಲೂಬಹುದು. ಇದು ಸರಿಯಾದ ಪಾಠವೇ. ಅದಕ್ಕೇ ಅಳು ಜಾಸ್ತಿಯಾದಾಗ ನನಗೆ ಸಮಾಧಾನವಾಯಿತು. ಪುಸ್ತಕದಲ್ಲಿರುವ ಹಾಗೇ ಆಗುತ್ತಿದೆ ಅಂದುಕೊಂಡೆ. ಹೀಗೆ 9 ದಿನ ನಡೆಯಿತು. ಆ 9 ದಿನ ನಾನು ಅವನಿಂದ ನಾಲ್ಕು ಅಡಿ ದೂರದಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದೆ.

ಎರಡನೆಯದು, ವಿಡಿಯೋ ಕಾಲ್ ನಿಲ್ಲಿಸಿ ಅಂತ ಅಕ್ಕನಿಗೆ ಹೇಳಿದೆ. "ನೀವು ಫೋನಲ್ಲಿ ಬಂದು ಹೋದರೆ ಅವನಿಗೆ ಎರಡನೇ ಸಲ ಬಿಟ್ಟು ಹೋದ ಹಾಗಾಗುತ್ತೆ." ಅವರು ಒಂದು ಮಾತೂ ಎದುರಾಡಲಿಲ್ಲ. ಸೈಕಾಲಜಿಸ್ಟ್ ಹೇಳಿದ ಮೇಲೆ ಮುಗಿಯಿತಲ್ಲ. ಮೂರು ದಿನ ಕಾಲ್ ಮಾಡಲಿಲ್ಲ. ಆ ಸಮಯದಲ್ಲಿ ಆಫೀಸಿನ ಮೆಟ್ಟಿಲ ಮೇಲೆ ಕೂತು ಹಳೇ ವಿಡಿಯೋ ನೋಡುತ್ತಿದ್ದರಂತೆ. ಇದು ನನಗೆ ಗೊತ್ತಾಗಿದ್ದು ಎಷ್ಟೋ ದಿನಗಳ ಮೇಲೆ.

ಮೂರೂ ದಿನ 4:20ರ ಆಸುಪಾಸಿಗೆ ಅಳು ಬಂತು. ಫೋನೇ ಬರದೆ ಅಳು ಬಂತು.

ಅಷ್ಟಕ್ಕೇ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. "ಅಮ್ಮನ ಫೋನ್ ಬರಲಿಲ್ಲ ಅಂತ ಅಳು" ಅಂತ ಬರೆದುಕೊಂಡೆ. ಫೋನ್ ಬಂದರೂ ಅದೇ ಕಾರಣ, ಬರದಿದ್ದರೂ ಅದೇ ಕಾರಣ. ಹೀಗೆ ಎರಡೂ ಕಡೆ ಗೆಲ್ಲುವ ವಾದಕ್ಕೆ ಬೆಲೆ ಇಲ್ಲ ಅಂತ ನಮಗೆ ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಟ್ಟಿದ್ದರು.

ನನ್ನ ಲೆಕ್ಕ ಮುರಿದದ್ದು ಅಕ್ಕನ ಒಂದು ಮಾತಿನಿಂದ. ಸೋಮವಾರ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: "ನಿನ್ನೆ ನಾನು ಇಡೀ ದಿನ ಮನೇಲೇ ಇದ್ದೆ. ಆದ್ರೂ ಸಂಜೆ ಅಷ್ಟೊತ್ತಿಗೆ ಸರಿಯಾಗಿ ಶುರು ಮಾಡ್ದ. ನನ್ನನ್ನೂ ಹೋಗು ಅಂದ."

ಭಾನುವಾರ. ಅಮ್ಮ ಪಕ್ಕದಲ್ಲೇ ಇದ್ದಾಗ. ಮೂರು ವಾರದಲ್ಲಿ ಭಾನುವಾರ ಏನಾಗುತ್ತದೆ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ.

ಅವತ್ತು ಮಧ್ಯಾಹ್ನ ನೋಟ್‌ಬುಕ್ಕಿನಲ್ಲಿ "ಕಾರಣ" ಅನ್ನುವ ಕಾಲಂ ಹೊಡೆದುಹಾಕಿದೆ. ಕಣ್ಣಿಗೆ ಕಂಡದ್ದು ಮಾತ್ರ ಬರೆಯಬೇಕು ಅಂತ ನಿರ್ಧರಿಸಿದೆ. ಅಳುವ ಮೊದಲು ಏನಾಯಿತು, ಅಳುವಾಗ ಮೈ ಹೇಗಿತ್ತು, ಆಮೇಲೆ ಏನಾಯಿತು. ವರ್ತನೆ ಗಮನಿಸುವ ಈ ಮೂರು ಕಾಲಂ ಪಟ್ಟಿ ಮನಶ್ಶಾಸ್ತ್ರದ ಹಳೇ ಸಾಧನ. ಬಟ್ಟೆ ಮಡಿಸುವುದು ಬಿಟ್ಟು ನೆಲದ ಮೇಲೆ ಕೂತು ಅವನನ್ನೇ ನೋಡಿದೆ.

4:10. ಚಿನ್ನು ಜೆಸಿಬಿ ಆಡಿಸುತ್ತಿದ್ದಾನೆ. ಕೈ ನಿಂತಿತು. ಎದ್ದು ಫ್ರಿಜ್ ಹತ್ತಿರ ಹೋದ, ಹಿಡಿ ಹಿಡಿದುಕೊಂಡ. ತುದಿಗಾಲ ಮೇಲೆ ನಿಂತ. ಮಂಡಿ ಬಿಗಿಯಾಯಿತು, ತೊಡೆ ಒಂದಕ್ಕೊಂದು ಅಂಟಿತು, ಒಂದು ಕಾಲು ಇನ್ನೊಂದರ ಮೇಲೆ ಬಂತು. ಕುಂಡಿ ಬಿಗಿಹಿಡಿದು ಮೈ ಬಿಲ್ಲಿನ ಹಾಗೆ ಬಾಗಿತು. ಮುಖ ಕೆಂಪಾಯಿತು. ಮೇಲ್ತುಟಿ ಮೇಲೆ ಬೆವರಿನ ಸಣ್ಣ ಹನಿಗಳು ಕಂಡವು. ಕಣ್ಣು ಯಾರನ್ನೂ ಹುಡುಕುತ್ತಿರಲಿಲ್ಲ. ಬಾಗಿಲ ಕಡೆಗಿಲ್ಲ, ಫೋನ್ ಕಡೆಗಿಲ್ಲ, ನನ್ನ ಕಡೆಗಂತೂ ಇಲ್ಲವೇ ಇಲ್ಲ. ಅರ್ಧ ನಿಮಿಷ ಹಾಗೇ ಇದ್ದು ಸಡಿಲವಾದ. ಎರಡು ನಿಮಿಷಕ್ಕೆ ಮತ್ತೆ ಬಂತು. ಆಗ ಪರದೆ ಹಿಂದೆ ಓಡಿದ. ಆಮೇಲೆ ಅಳು.

ಅಮ್ಮನಿಗಾಗಿ ಕಾಯುವ ಮಗು ಹೀಗೆ ನಿಲ್ಲುವುದಿಲ್ಲ. ಇವನು ಕಕ್ಕ ತಡೆದುಕೊಳ್ಳುತ್ತಿದ್ದ.

ನೋಡಿದವರಿಗೆ ಮಗು ತಿಣುಕುತ್ತಿದೆ, ಹೊರಹಾಕಲು ಒದ್ದಾಡುತ್ತಿದೆ ಅನ್ನಿಸುತ್ತದೆ. ಇಲ್ಲಿ ನಡೆಯುವುದು ಅದರ ಉಲ್ಟಾ. ಒಮ್ಮೆ ಗಟ್ಟಿಯಾಗಿ, ನೋವಾಗಿ ಹೋಗಿರುತ್ತದೆ. ಮಗು ಹೆದರಿ ಮುಂದಿನ ಸಲ ತಡೆಯುತ್ತದೆ. ತಡೆದಷ್ಟೂ ಅದರ ನೀರನ್ನು ಕರುಳು ಹೀರಿಕೊಂಡು ಅದು ಇನ್ನೂ ಗಟ್ಟಿ, ಇನ್ನೂ ದಪ್ಪವಾಗುತ್ತದೆ. ಮತ್ತೆ ನೋವು, ಮತ್ತೆ ಭಯ. 4:20ರ ಗುಟ್ಟೂ ಸರಳವಾಗಿತ್ತು. ಹೊಟ್ಟೆಗೆ ಏನಾದರೂ ಬಿದ್ದಾಗ ದೊಡ್ಡಕರುಳು ಚುರುಕಾಗುತ್ತದೆ. ಹಾಲು ಕುಡಿದ ಅರ್ಧ ಗಂಟೆಗೆ ಒಳಗಿನಿಂದ ಕರೆ ಬರುತ್ತಿತ್ತು. ಅಮ್ಮನ ಫೋನು ಅದರ ಮಧ್ಯೆ ಬಂದು ಹೋಗುತ್ತಿತ್ತು ಅಷ್ಟೇ.

ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್, ಮಗುವಿನ ಗಮನವೆಲ್ಲ ಕಕ್ಕ ತಡೆಯುವುದು, ಬಿಡುವುದರ ಮೇಲಿರುತ್ತದೆ ಅಂತ ಈ ವಯಸ್ಸಿಗೆ ಗುದ ಹಂತ ಅಂತಲೇ ಹೆಸರಿಟ್ಟ. ಬಿಎ ಕ್ಲಾಸಿನಲ್ಲಿ ನಾವು ಅದನ್ನು ಓದಿ ಬಾಯಿಗೆ ದುಪಟ್ಟ ಅಡ್ಡ ಹಿಡಿದು ನಕ್ಕಿದ್ದೆವು. ಈಗ ಅದೇ ವಯಸ್ಸಿನ ಹುಡುಗ ಕಣ್ಣೆದುರು ಕಾಲು ಹೆಣೆದು ನಿಂತಿದ್ದರೆ, ನನಗೆ ಬೌಲ್ಬಿ ನೆನಪಾದ!

ಅವತ್ತು ಸಂಜೆ ಎಲ್ಲರೂ ಇದ್ದಾಗ ಒಂದೇ ಪ್ರಶ್ನೆ ಕೇಳಿದೆ. ಇವನು ಕೊನೆಯ ಸಲ ಸರಿಯಾಗಿ ಕಕ್ಕ ಮಾಡಿದ್ದು ಯಾವತ್ತು?

ಅಕ್ಕ ನನ್ನ ಮುಖ ನೋಡಿದರು. "ಹಗಲು ನಿಮ್ಮ ಹತ್ರ ಮಾಡ್ತಾನಲ್ವಾ?" ನಾನು ಬೆಳಿಗ್ಗೆ 9ಕ್ಕೆ ಮುಂಚೆ ಮನೆಯವರು ಮಾಡಿಸಿರುತ್ತಾರೆ ಅಂದುಕೊಂಡಿದ್ದೆ. ಅಪ್ಪ, ರಾತ್ರಿ ಡೈಪರಿನಲ್ಲಿ ಆಗುತ್ತದೆ ಅಂದುಕೊಂಡಿದ್ದರು. ಅಜ್ಜಿ ಚಡ್ಡಿಯ ಕಲೆ ನೋಡಿ "ಹೊಟ್ಟೆ ಕೆಟ್ಟಿದೆ, ಭೇದಿ" ಅಂತ ತೀರ್ಮಾನಿಸಿ, ವಾರದ ಹಿಂದೆಯೇ ಸೊಪ್ಪು, ಪಪ್ಪಾಯಿ ನಿಲ್ಲಿಸಿ ಅನ್ನ ಮೊಸರಿಗೆ ಇಳಿಸಿದ್ದರು. ನಾಲ್ಕು ಜನ ದೊಡ್ಡವರಿಗೂ ತಮ್ಮ ತಮ್ಮ ಪಾಳಿಯಷ್ಟೇ ಗೊತ್ತಿತ್ತು. ಇಡೀ ದಿನದ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಕೂಡಿ ನೋಡಿದರೆ 6 ದಿನ ಆಗಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ನಿದ್ದೆಗೆ ಕಾಲಂ ಇತ್ತು, ಊಟಕ್ಕಿತ್ತು, "ಮನಸ್ಥಿತಿ" ಅಂತ ಒಂದಿತ್ತು. ಕಕ್ಕಕ್ಕೆ ಇರಲಿಲ್ಲ.

ಮಾರನೇ ದಿನ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಅವರು ಹೊಟ್ಟೆ ಒತ್ತಿ ನೋಡಿ, ಅಕ್ಕನ ಕೈ ಹಿಡಿದು ಎಡಗಡೆ ಕೆಳಗೆ ಇಟ್ಟರು. ಗಂಟಿನ ಹಾಗೆ ಗಟ್ಟಿ ಸಿಕ್ಕಿತು. ಹುಟ್ಟಿದ ಮೇಲೆ ಮೊದಲ ಕಪ್ಪು ಕಕ್ಕ 48 ಗಂಟೆಯೊಳಗೆ ಆಗಿತ್ತಾ, ರಕ್ತ ಕಂಡಿದೆಯಾ, ವಾಂತಿ ಇದೆಯಾ, ತೂಕ ಇಳಿದಿದೆಯಾ ಅಂತ ಕೇಳಿದರು. ಈ ಪ್ರಶ್ನೆಗಳು ಹುಟ್ಟಿನಿಂದ ಬಂದ ಕರುಳಿನ ತೊಂದರೆ ಅಥವಾ ಬೇರೆ ಕಾಯಿಲೆ ಅಲ್ಲ ಅಂತ ಖಚಿತ ಮಾಡಿಕೊಳ್ಳಲು. ಅದೇನೂ ಇರಲಿಲ್ಲ. ಚಡ್ಡಿಯ ಕಲೆ ಭೇದಿ ಅಲ್ಲವಂತೆ. ಗಟ್ಟಿಯಾಗಿ ಕೂತ ಮಲದ ಪಕ್ಕದಿಂದ ತೆಳುವಾದದ್ದು ಸೋರುತ್ತದೆ, ಮಗುವಿಗೆ ಅದು ಗೊತ್ತೇ ಆಗುವುದಿಲ್ಲ. ನಾನು ಹಳೇ ವಯಸ್ಸಿಗೆ ಜಾರುವುದು ಅಂದುಕೊಂಡದ್ದು ಇದನ್ನೇ.

ಶುರುವಾದದ್ದು ಹೇಗೆ ಅನ್ನುವುದೂ ಅಲ್ಲೇ ಬಿಚ್ಚಿಕೊಂಡಿತು. ಜೂನ್‌ನಲ್ಲಿ ಪ್ರೀ ಸ್ಕೂಲ್. ಡೈಪರ್ ಬಿಟ್ಟಿರಬೇಕು ಅಂತ ಶಾಲೆಯವರು ಹೇಳಿದ್ದರು. ಏಪ್ರಿಲ್ ಮೊದಲ ವಾರ ಹಗಲಿನ ಡೈಪರ್ ತೆಗೆದು ಒಮ್ಮೆಗೇ ದೊಡ್ಡವರ ಕಮೋಡಿನ ಮೇಲೆ ಕೂರಿಸಿದ್ದಾರೆ. ಬೇಸಿಗೆ ಬೇರೆ. ದಿನಕ್ಕೆ ನಾಲ್ಕು ಲೋಟ ಹಾಲು, ನೀರು ಕಡಿಮೆ, ಹೊಟ್ಟೆ ತುಂಬಿ ಊಟ ಅರ್ಧ. ಒಂದು ದಿನ ಗಟ್ಟಿಯಾಗಿ ಹೋಗಿ ಕಿರುಚಿದ್ದನ್ನು ಅಕ್ಕ ಈಗ ನೆನಪು ಮಾಡಿಕೊಂಡರು.

ಡಾಕ್ಟರ್ ಮಲ ಮೆತ್ತಗೆ ಮಾಡುವ ಸಿರಪ್ ಬರೆದುಕೊಟ್ಟರು. ಹೆಸರು, ಪ್ರಮಾಣ ಇಲ್ಲಿ ಹೇಳುವುದಿಲ್ಲ, ಅದು ಮಗು ನೋಡಿ ಕೊಡಬೇಕಾದದ್ದು. ಆದರೆ ಅವರು ಎರಡು ಸಲ ಒತ್ತಿ ಹೇಳಿದ ಮಾತು ಹೇಳಲೇಬೇಕು. ನಾಲ್ಕು ದಿನ ಚೆನ್ನಾಗಿ ಹೋಯಿತು ಅಂತ ಔಷಧಿ ನಿಲ್ಲಿಸಬೇಡಿ. ಕನಿಷ್ಠ 2 ತಿಂಗಳು ಕೊಡಬೇಕು, ಆಮೇಲೂ ನಿಧಾನಕ್ಕೆ ಇಳಿಸಬೇಕು. ಹಿಗ್ಗಿದ ಕರುಳು ಹಳೇ ಅಳತೆಗೆ ಬರಲು, ಅದಕ್ಕಿಂತ ಹೆಚ್ಚಾಗಿ ಮಗು ನೋವು ಮರೆಯಲು, ಅಷ್ಟು ಹೊತ್ತು ಹಿಡಿಯುತ್ತದೆ. ಅಜ್ಜಿ, ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಇಟ್ಟರೆ ಹೇಗೆ ಅಂತ ಕೇಳಿದರು. ಅಲ್ಲಿಗೆ ಏನೂ ಬೇಡ, ಅವನ ಭಯ ಇರುವುದೇ ಅಲ್ಲಿ ಅಂದರು ಡಾಕ್ಟರ್. ಒಣದ್ರಾಕ್ಷಿ ನೆನೆಸಿದ ನೀರಿಗೆ ಮಾತ್ರ ಒಪ್ಪಿದರು. ಅಜ್ಜಿಗೆ ಅಷ್ಟು ಸಾಕಾಯಿತು.

ನನ್ನ ಕೆಲಸ ನಿಜವಾಗಿ ಶುರುವಾದದ್ದು ಇಲ್ಲಿಂದ. ಕರುಳನ್ನು ಔಷಧಿ ನೋಡಿಕೊಳ್ಳುತ್ತದೆ. ಭಯಕ್ಕೆ ಔಷಧಿ ಇಲ್ಲ.

ಊಟವಾದ ಮೇಲೆ, ಸಂಜೆ ಹಾಲಾದ ಮೇಲೆ 5 ನಿಮಿಷ ಕೂರುವುದು ಅಂತ ಮಾಡಿದೆವು. ಮೊದಲ ಮೂರು ದಿನ ಚಡ್ಡಿ ಹಾಕಿಕೊಂಡೇ, ಮುಚ್ಚಳ ಮುಚ್ಚಿದ ಕಮೋಡಿನ ಮೇಲೆ ಕೂತು ಜೆಸಿಬಿ ಪುಸ್ತಕ ನೋಡುವುದು. ಆಮೇಲೆ ಮುಚ್ಚಳ ತೆಗೆದು ಚಡ್ಡಿಯಲ್ಲಿ. ಆಮೇಲೆ ಚಡ್ಡಿ ಇಲ್ಲದೆ. ಹೆದರುವ ವಸ್ತುವಿನ ಹತ್ತಿರ ಒಂದೊಂದೇ ಹೆಜ್ಜೆ. ಫ್ಲಶ್ ಶಬ್ದಕ್ಕೂ ಹೆದರುತ್ತಿದ್ದ, ಅವನು ಹೊರಗೆ ಬಂದ ಮೇಲೆ ಒತ್ತುತ್ತಿದ್ದೆವು.

ಇಲ್ಲೂ ಒಂದು ಎಡವಟ್ಟು ಮಾಡಿದೆ. ಕಕ್ಕ ಮಾಡಿದರೆ ಒಂದು ಸ್ಟಿಕರ್ ಅಂದೆ. ಎರಡನೇ ದಿನ ಕೂತ, ಬರಲಿಲ್ಲ, ಸ್ಟಿಕರ್ ಸಿಗಲಿಲ್ಲ ಅಂತ ಹೋ ಅಂತ ಅತ್ತ. ಅವನ ಕೈಯಲ್ಲಿಲ್ಲದ ಕೆಲಸಕ್ಕೆ ಬಹುಮಾನ ಇಟ್ಟಿದ್ದೆ. ಕೂರುವುದು ಅವನ ಕೈಯಲ್ಲಿದೆ, ಬರುವುದು ಇಲ್ಲ. ಮಾರನೇ ದಿನದಿಂದ ಕೂತದ್ದಕ್ಕೇ ಸ್ಟಿಕರ್. ಬಂದರೂ ಸರಿ, ಬರದಿದ್ದರೂ ಸರಿ. ಕಲೆಯಾದ ಚಡ್ಡಿಗೆ ಯಾರೂ "ಛೀ" ಅನ್ನಬಾರದು ಅಂತ ಮನೆಯಲ್ಲಿ ಮಾತಾಯಿತು. ಕಷ್ಟವಾದದ್ದು ಅಪ್ಪನಿಗೆ. ಬಾಯಿಂದ ತಾನಾಗೇ ಬಂದುಬಿಡುತ್ತಿತ್ತು, ಪಾಪ.

ಇನ್ನು ಮಣೆಯ ಜಗಳ. ಕಮೋಡಿನ ಮೇಲೆ ಕೂತರೆ ಚಿನ್ನುವಿನ ಕಾಲು ಗಾಳಿಯಲ್ಲಿ ನೇತಾಡುತ್ತಿತ್ತು. ಕಾಲಿಗೆ ಆಸರೆ ಇಲ್ಲದಿದ್ದರೆ ದೊಡ್ಡವರಿಗೂ ಒತ್ತಡ ಹಾಕುವುದು ಕಷ್ಟ. ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲಿದ್ದರೆ ದಾರಿ ಸಲೀಸು. ನಮ್ಮ ಹಳೇ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂರುವಾಗ ಇದು ತಾನಾಗೇ ಆಗುತ್ತದೆ. ಅಡುಗೆಮನೆಯಲ್ಲಿ ಗೋಡೆಗೆ ಒರಗಿಸಿದ್ದ ಎರಡು ಮಣೆ ಕಂಡವು, ಒಂದರ ಮೇಲೊಂದು ಇಟ್ಟರೆ ಸರಿಯಾದ ಎತ್ತರ. ತೆಗೆದುಕೊಂಡು ಹೊರಟೆ. ಅಜ್ಜಿ ಮಂಡಿನೋವು ಮರೆತು ಎದ್ದು ಬಂದರು.

"ಊಟಕ್ಕೆ ಹಾಕೋ ಮಣೇನ ಕಕ್ಕಸಿಗಾ? ಇದನ್ನೇನಾ ನೀನು ಓದಿರೋದು?"

ಅವರು ಹೇಳಿದ್ದು ಸರಿಯೇ. ಅಪ್ಪ ರಾತ್ರಿಯೇ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದರು. ಚಿನ್ನು ಅದರ ಮೇಲೆ ಕಾಲಿಡಲಿಲ್ಲ. ಅವನಿಗೆ ಮಣೆಯೇ ಬೇಕು, ನೋಡಿಬಿಟ್ಟಿದ್ದನಲ್ಲ. ಎರಡು ದಿನ ಹಗ್ಗಜಗ್ಗಾಟ ನಡೆದ ಮೇಲೆ ಅಜ್ಜಿಯೇ ಮಂಚದ ಕೆಳಗಿಂದ ಒಂದು ಕಾಲು ಬಿರುಕು ಬಿಟ್ಟ ಎತ್ತರದ ಹಳೇ ಮಣೆ ಎಳೆದು ಕೊಟ್ಟರು. "ಇದು ಇನ್ನು ಆಚೆ ಬರಂಗಿಲ್ಲ" ಅಂತ ಶರತ್ತು ಹಾಕಿದರು.

ಮಣೆ ಬಂದ ನಾಲ್ಕನೇ ದಿನ, ಸಿರಪ್ ಶುರುವಾದ ಹನ್ನೊಂದನೇ ದಿನ, ಅವನು ಕೂತು ಮಾಡಿದ. ಮುಗಿದ ಮೇಲೆ ಬಗ್ಗಿ ನೋಡಿ ನನಗೆ "ನೋವೇ ಇಲ್ಲ ಅಕ್ಕ" ಅಂದ. ಅದೇನೋ ಮೋಸವಾದ ಹಾಗಿತ್ತು ಅವನ ಮುಖ.

ನೋಟ್‌ಬುಕ್ ಫ್ರಿಜ್ ಮೇಲೆ ಹೋಯಿತು, ಎಲ್ಲರೂ ಬರೆಯುವ ಹಾಗೆ. ಕಕ್ಕದ ಕಾಲಂಗೆ ಬ್ರಿಸ್ಟಲ್ ಚಾರ್ಟಿನ ನಂಬರ್ ಹಾಕುತ್ತಿದ್ದೆವು. ಇಂಗ್ಲೆಂಡಿನ ಬ್ರಿಸ್ಟಲ್‌ನ ಇಬ್ಬರು ವೈದ್ಯರು 1997ರಲ್ಲಿ ಪ್ರಕಟಿಸಿದ 7 ನಮೂನೆಗಳ ಪಟ್ಟಿ ಅದು. 1 ಅಂದರೆ ಮೇಕೆ ಹಿಕ್ಕೆ, 7 ಅಂದರೆ ಬರೀ ನೀರು, 4 ಅಂದರೆ ನುಣ್ಣಗೆ, ಮೆತ್ತಗೆ, ಹೇಗಿರಬೇಕೋ ಹಾಗೆ. ಅಜ್ಜಿಗೆ ಈ ನಂಬರ್ ಆಟ ಬಹಳ ಹಿಡಿಸಿತು. ಮಗ ಆಫೀಸಿನಿಂದ ಬಂದು ಶೂ ಬಿಚ್ಚುವ ಮುಂಚೆ "ಇವತ್ತು ಮೂರು!" ಅಂತ ವರದಿ ಒಪ್ಪಿಸುತ್ತಿದ್ದರು.

ಸಂಜೆಯ ಅಳು ಯಾವತ್ತು ನಿಂತಿತು ಅಂತ ನೋಡಲು ಹಿಂದಿನ ಪುಟ ತಿರುವಿದೆ. ಮೇ ಕೊನೆಯ ವಾರ ಒಂದೆರಡು ಸಲ ಇದೆ, ಜೂನ್‌ನಲ್ಲಿ ಇಲ್ಲ. ವಿಡಿಯೋ ಕಾಲ್ ಮತ್ತೆ ಶುರು ಮಾಡಿಸಿದೆ. ಆವಾಗಲೇ ಅಕ್ಕ ಮೆಟ್ಟಿಲ ವಿಷಯ ಹೇಳಿದ್ದು. ಕ್ಷಮೆ ಕೇಳಿದೆ. "ನಿಮಗೂ ಗೊತ್ತಿರ್ಲಿಲ್ಲ ಬಿಡಿ" ಅಂದರು. ಗೊತ್ತಿರಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಮಗುವಿನ ನಡವಳಿಕೆ ಬದಲಾದರೆ ಮೊದಲು ಮೈಯಲ್ಲಿ ಏನಾದರೂ ತೊಂದರೆ ಇದೆಯಾ ನೋಡು ಅಂತ ನನ್ನ ಪಠ್ಯದಲ್ಲೇ ಇತ್ತು. ಅಂಡರ್‌ಲೈನ್ ಕೂಡ ಮಾಡಿದ್ದೆ.

ಶಾಲೆ ಶುರುವಾದಾಗ ಅಲ್ಲಿಯ ಆಯಾಗೆ ಒಂದು ಚೀಟಿ ಬರೆದುಕೊಟ್ಟೆವು. ಕೇಳಿದ ತಕ್ಷಣ ಕಳಿಸಿ, ಕಾಯಿಸಬೇಡಿ. ಕಾಲ ಕೆಳಗೆ ಏನಾದರೂ ಇಡಿ. ಛೀ ಅನ್ನಬೇಡಿ. ಅದರಲ್ಲಿ ಸೈಕಾಲಜಿಯ ಒಂದು ಪದವೂ ಇರಲಿಲ್ಲ.

ಆಗಸ್ಟ್ ಕೊನೆಗೆ ಡಾಕ್ಟರ್ ಹೇಳಿದ ಹಾಗೆ ಔಷಧಿ ಇಳಿಸುತ್ತಾ ಬಂದರು. ಸೆಪ್ಟೆಂಬರ್‌ನಲ್ಲಿ ನಾನು ಆ ಕೆಲಸ ಬಿಟ್ಟೆ. ದಸರೆಗೆ ಅವರು ಊರಿಗೆ ಹೋಗಿದ್ದರು. ದಾರಿಯ ಪ್ರಯಾಣ, ನೆಂಟರ ಮನೆ, ಹೋಳಿಗೆ, ನೀರು ಕಡಿಮೆ. ಹುಡುಗ ಎರಡು ದಿನ ತಡೆದನಂತೆ, ಮತ್ತೆ ಅದೇ ತುದಿಗಾಲು. ಅಕ್ಕ ಗಾಬರಿಯಾಗಿ ನನಗೆ ಫೋನ್ ಮಾಡಲಿಲ್ಲ. ಡಾಕ್ಟರಿಗೆ ಮಾಡಿ, ಸಿರಪ್ ಮತ್ತೆ ಶುರು ಮಾಡಿ, ಬೆಂಗಳೂರಿಗೆ ಬಂದ ಮೇಲೆ ನನಗೊಂದು ಫೋಟೋ ಕಳಿಸಿದರು. ಫ್ರಿಜ್ ಮೇಲಿನ ನೋಟ್‌ಬುಕ್ಕಿನ ಪುಟ, ಅವರ ಕೈಬರಹ:

"ಶನಿವಾರ, 4:25. ಫ್ರಿಜ್ ಹಿಡಿದು ನಿಂತ. ಅಳು ಇಲ್ಲ. ಮಣೆ ಕೇಳಿದ. 10 ನಿಮಿಷ. ನಂಬರ್ 4."